ಹಳೆಯ ಹೈಬ್ರಿಡ್ ಕಾರಿನ ಬ್ಯಾಟರಿ: ಕೋಡ್ ತೋರಿಸಿದ್ದು ಒಂದು ಬ್ಲಾಕ್, ಕೆಟ್ಟಿದ್ದು ಇನ್ನೊಂದು

ಕಾರು ಎರಡನೇ ತಲೆಮಾರಿನ ಟೊಯೋಟಾ ಪ್ರಿಯಸ್, 2004ರಿಂದ 2009ರವರೆಗಿನ ಮಾಡೆಲ್‌ಗಳ ಪೈಕಿ ಒಂದು. ಹಿಂದಿನ ಸೀಟಿನ ಬೆನ್ನಿಗೆ ಕೂತಿರುವ ದೊಡ್ಡ ಬ್ಯಾಟರಿ ಕಾರಿನ ಜೊತೆಗೇ ಬಂದದ್ದು, ಒಮ್ಮೆಯೂ ಬದಲಾಗಿಲ್ಲ. ಇಷ್ಟು ವರ್ಷ ದುಡಿದ ಮೇಲೆ ಸುಸ್ತಾದರೆ ಯಾರನ್ನೂ ದೂರುವ ಹಾಗಿಲ್ಲ. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ, ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದಿ, "ಪೂರ್ತಿ ಬ್ಯಾಟರಿ ಬದಲಿಸಿ" ಅಂದರು. ಪಿ0ಎ80 ಅನ್ನೋ ಕೋಡಿಗೆ ಎಲ್ಲ ಕಡೆ ಸಿಗುವ ಉತ್ತರ ಅದೇ. ಆದರೆ ಆ ಕೋಡ್ ನಿಜಕ್ಕೂ ಹೇಳುವುದು ಬ್ಲಾಕ್‌ಗಳ ವೋಲ್ಟೇಜ್ ಒಂದಕ್ಕೊಂದು ಹೊಂದುತ್ತಿಲ್ಲ ಅಂತ ಮಾತ್ರ. ಯಾಕೆ ಹೊಂದುತ್ತಿಲ್ಲ ಅನ್ನೋದನ್ನು ನಾವೇ ಹುಡುಕಬೇಕು.

ಒಳಗೆ ಏನಿದೆ ಅಂತ ಚುಟುಕಾಗಿ: 28 ಮಾಡ್ಯೂಲ್‌ಗಳು ಸಾಲಾಗಿ ಜೋಡಿಸಿವೆ. ಒಂದೊಂದರಲ್ಲೂ 6 ನಿಕಲ್ ಮೆಟಲ್ ಹೈಡ್ರೈಡ್ ಸೆಲ್. ಸೆಲ್‌ಗೆ 1.2 ವೋಲ್ಟ್, ಮಾಡ್ಯೂಲ್‌ಗೆ 7.2, ಒಟ್ಟು 201.6 ವೋಲ್ಟ್. ಹೊಸದರಲ್ಲಿ ಸಾಮರ್ಥ್ಯ 6.5 ಆಂಪಿಯರ್-ಅವರ್. ಬ್ಯಾಟರಿಯ ಕಂಪ್ಯೂಟರ್ ಎರಡೆರಡು ಮಾಡ್ಯೂಲ್ ಸೇರಿಸಿ ಒಂದು ಬ್ಲಾಕ್ ಅಂತ ಅಳೆಯುತ್ತದೆ. ಹಾಗಾಗಿ 14 ಬ್ಲಾಕ್. ಈ 1.2 ಅನ್ನೋ ಸಂಖ್ಯೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಲಕ್ಷಣಗಳು: ಪರದೆಯ ಮೇಲಿನ ಬ್ಯಾಟರಿ ಗೀಟುಗಳು ಸಣ್ಣ ಇಳಿಜಾರಿನಲ್ಲೇ ತುಂಬಿ ಹಸಿರಾಗುತ್ತಿದ್ದವು, ಸ್ವಲ್ಪ ಏರು ಸಿಕ್ಕರೆ ಅಷ್ಟೇ ಬೇಗ ಖಾಲಿ. ಹಿಂದಿನಿಂದ ಫ್ಯಾನ್ ಗುರ್ರೆನ್ನುವ ಸದ್ದು. ನಿಂತಾಗ ಆಫ್ ಆಗಬೇಕಾದ ಇಂಜಿನ್ ಆಫ್ ಆಗುತ್ತಿರಲಿಲ್ಲ. ಕೊನೆಗೆ ಕೆಂಪು ತ್ರಿಕೋನ ಹೊತ್ತಿತು. ಕೋಡ್ ಎರಡು: ಪಿ0ಎ80, ಜೊತೆಗೆ ಪಿ3013. ಪಿ3011 ಅಂದರೆ ಬ್ಲಾಕ್ 1 ದುರ್ಬಲ, ಪಿ3012 ಅಂದರೆ ಬ್ಲಾಕ್ 2, ಹೀಗೇ ಸಾಗುತ್ತದೆ. ಅಂದರೆ ಕಾರಿನ ಪ್ರಕಾರ ಬ್ಲಾಕ್ 3 ಕೆಟ್ಟಿದೆ.

ಹಂತ 1: ಸುಲಭದ್ದು ಮೊದಲು

ಈ ಕಾರಿನ ಡಿಕ್ಕಿಯ ಮೂಲೆಯಲ್ಲಿ ಒಂದು ಸಣ್ಣ 12 ವೋಲ್ಟ್ ಬ್ಯಾಟರಿಯೂ ಇದೆ. ಕಂಪ್ಯೂಟರ್‌ಗಳೆಲ್ಲ ಎಚ್ಚರಾಗುವುದು ಅದರಿಂದ. ಅದು ಸೊರಗಿದರೆ ಚಿತ್ರವಿಚಿತ್ರ ಎಚ್ಚರಿಕೆ ದೀಪಗಳು ಹೊತ್ತಿಕೊಳ್ಳುತ್ತವೆ, ಅದಕ್ಕೇ ಮೊದಲು ಅದನ್ನು ನೋಡಿದೆ. ರಾತ್ರಿಯೆಲ್ಲ ನಿಂತ ಮೇಲೆ 12.6 ವೋಲ್ಟ್. ಹೆಡ್‌ಲೈಟ್ ಹಾಕಿದರೂ ಹೆಚ್ಚು ಇಳಿಯಲಿಲ್ಲ. ಅದರದ್ದೇನೂ ತಕರಾರಿಲ್ಲ.

ಆಮೇಲೆ ಫ್ಯಾನ್. ಬ್ಯಾಟರಿ ತಂಪಾಗುವುದು ಕಾರಿನ ಒಳಗಿನ ಗಾಳಿಯಿಂದಲೇ, ಹಿಂದಿನ ಸೀಟಿನ ಪಕ್ಕದ ಜಾಲರಿಯಿಂದ ಎಳೆದುಕೊಳ್ಳುತ್ತದೆ. ಜಾಲರಿ ನೋಡಲು ಸ್ವಚ್ಛವಾಗಿಯೇ ಇತ್ತು. ಫ್ಯಾನ್ ಬಿಚ್ಚಿದರೆ ರೆಕ್ಕೆಗಳ ಮಧ್ಯೆ ಕೂದಲು, ದೂಳು ಸೇರಿ ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು. ಹಳೆ ಟೂತ್‌ಬ್ರಷ್ ಮತ್ತು ವ್ಯಾಕ್ಯೂಮ್‌ನಿಂದ ತೆಗೆದೆ. ಸದ್ದು ಅರ್ಧಕ್ಕರ್ಧ ಕಡಿಮೆಯಾಯಿತು. ಕೋಡ್ ಅಳಿಸಿ ಓಡಿಸಿದೆ. ತ್ರಿಕೋನ ಮತ್ತೆ ಬಂತು. ಫ್ಯಾನ್ ಕ್ಲೀನ್ ಮಾಡಿದ್ದು ವ್ಯರ್ಥ ಅಂತಲ್ಲ. ಬ್ಯಾಟರಿ ಬಳಲಲು ಆ ದೂಳೂ ಒಂದು ಕಾರಣ ಅನ್ನೋದು ಆಮೇಲೆ ಗೊತ್ತಾಯಿತು. ಆದರೆ ಆಗಿರುವ ಹಾನಿಯನ್ನು ಅದು ವಾಪಸ್ ತರುವುದಿಲ್ಲ, ಅಲ್ವಾ?

ಕೋಡ್ ಅಳಿಸಿ ಅಳಿಸಿ ಓಡಿಸುವುದು ಸುಮ್ನೆ ಟೈಮ್ ಹಾಳು. ಅಳಿಸುವ ಮುಂಚೆ, ಕೋಡ್ ಬಿದ್ದ ಗಳಿಗೆಯ ದಾಖಲೆಯನ್ನು ಸ್ಕ್ಯಾನರ್‌ನಲ್ಲಿ ಓದಿ ಬರೆದಿಟ್ಟುಕೊಳ್ಳಿ. ಅಳಿಸಿದರೆ ಅದೂ ಹೋಗುತ್ತದೆ.

ಹಂತ 2: ಓಡುವಾಗಲೇ ಅಳತೆ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಉಪಯೋಗವಾದದ್ದು ಇದು, ಒಂದು ನಟ್ ಕೂಡ ಬಿಚ್ಚಬೇಕಾಗಿಲ್ಲ. ಬ್ಲೂಟೂತ್ ಓಬಿಡಿ ಅಡಾಪ್ಟರ್ (ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಫೋನಿಗೆ ಕಳಿಸುವ ಸಣ್ಣ ಸಾಧನ), ಫೋನಿನಲ್ಲಿ 14 ಬ್ಲಾಕ್‌ಗಳ ವೋಲ್ಟೇಜ್ ತೋರಿಸುವ ಒಂದು ಆ್ಯಪ್, ಓಡಿಸಲು ಇನ್ನೊಬ್ಬರು. ಓಡಿಸುವವರೇ ಫೋನ್ ನೋಡುವುದು ಬೇಡ.

ನಿಂತಾಗ ಮಾತ್ರ ಅಳೆದರೆ ಸಾಲದು. ಮೂರು ಸ್ಥಿತಿಯಲ್ಲಿ ಅಳೆಯಬೇಕು: ನಿಂತಾಗ, ಜೋರಾಗಿ ಎಳೆಯುವಾಗ, ಬ್ರೇಕ್ ಹಿಡಿದು ಚಾರ್ಜ್ ಆಗುವಾಗ. ಒಂದೊಂದು ಕಾಯಿಲೆ ಈ ಮೂರರಲ್ಲಿ ಒಂದೊಂದು ಥರ ಕಾಣುತ್ತದೆ.

ಒಂದು ಸೆಲ್ ಪೂರ್ತಿ ಸತ್ತಿದ್ದರೆ ಆ ಬ್ಲಾಕ್ ಯಾವಾಗಲೂ ಬೇರೆಯವಕ್ಕಿಂತ ಸುಮಾರು 1.2 ವೋಲ್ಟ್ ಕಡಿಮೆ ಇರುತ್ತದೆ, ನಿಂತರೂ ಓಡಿದರೂ. ಒಳಗಿನ ರೆಸಿಸ್ಟೆನ್ಸ್ ಹೆಚ್ಚಿದ್ದರೆ ನಿಂತಾಗ ಎಲ್ಲರ ಜೊತೆ ಸರಿಯಾಗಿಯೇ ಇದ್ದು, ಎಳೆಯುವಾಗ ಕುಸಿಯುತ್ತದೆ, ಚಾರ್ಜ್ ಆಗುವಾಗ ಎಲ್ಲಕ್ಕಿಂತ ಮೇಲಕ್ಕೆ ಜಿಗಿಯುತ್ತದೆ. ಸಾಮರ್ಥ್ಯ ಕಳೆದುಕೊಂಡ ಬ್ಲಾಕ್ ಶುರುವಿನಲ್ಲಿ ಚೆನ್ನಾಗಿಯೇ ಎಳೆದು, ಬ್ಯಾಟರಿ ಇಳಿಯುತ್ತಾ ಬಂದಾಗ ಎಲ್ಲಕ್ಕಿಂತ ಮೊದಲು ಮಂಡಿಯೂರುತ್ತದೆ.

ನನಗೆ ಸಿಕ್ಕಿದ್ದು ಹೀಗೆ. ನಿಂತಾಗ ಹೆಚ್ಚಿನವು 15.7ರ ಆಸುಪಾಸು. ಬ್ಲಾಕ್ 3 ಮಾತ್ರ 14.9. ಇಷ್ಟು ನೋಡಿ ನಿಲ್ಲಿಸಿದ್ದರೆ "ಹೌದು, ಕೋಡ್ ಹೇಳಿದ್ದು ಸರಿ" ಅಂದುಕೊಳ್ಳಬಹುದಿತ್ತು. ಆದರೆ ಪಕ್ಕದ ಬ್ಲಾಕ್ 4 ನೋಡಿ: 16.5. ಒಂದು 0.8 ಕಡಿಮೆ, ಇನ್ನೊಂದು ಸರಿಯಾಗಿ 0.8 ಜಾಸ್ತಿ. ಎರಡನ್ನೂ ಕೂಡಿದರೆ 31.4, ಬೇರೆ ಯಾವುದೇ ಎರಡು ಬ್ಲಾಕ್ ಕೂಡಿದರೆ ಬರುವಷ್ಟೇ. ಗುಂಡಿ ಬಿದ್ದ ರಸ್ತೆಯಲ್ಲಿ ಹೋದಾಗ ಈ ಎರಡರ ಅಂಕಿ ಮಾತ್ರ ಕುಣಿಯುತ್ತಿತ್ತು, ಮೊತ್ತ ಕದಲುತ್ತಿರಲಿಲ್ಲ.

ಸೆಲ್ ಕೆಟ್ಟರೆ ಹೀಗೆ ಆಗುವುದಿಲ್ಲ. ಕೆಟ್ಟ ಸೆಲ್ ಕಳೆಯುತ್ತದೆಯೇ ಹೊರತು ಪಕ್ಕದವರಿಗೆ ಕೊಡುವುದಿಲ್ಲ. ಬ್ಲಾಕ್ 3 ಮತ್ತು 4ರ ನಡುವೆ ಅಳತೆಯ ತಂತಿ ಒಂದೇ. ಅದರ ತುದಿ ಸರಿಯಾಗಿ ಕೂತಿಲ್ಲ ಅಂದರೆ ಕಂಪ್ಯೂಟರ್ ಒಂದರ ವೋಲ್ಟೇಜನ್ನು ಕಡಿಮೆ, ಇನ್ನೊಂದರದ್ದನ್ನು ಅಷ್ಟೇ ಜಾಸ್ತಿ ಅಂತ ಓದುತ್ತದೆ. ಅಂದರೆ ಮಾಡ್ಯೂಲ್ ಚೆನ್ನಾಗಿರಬಹುದು, ತಂತಿಯ ತುದಿಯೇ ಸುಳ್ಳು ಹೇಳುತ್ತಿದೆ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಜೋರಾಗಿ ಎಳೆದಾಗ, ನೂರರ ಹತ್ತಿರ ಆಂಪಿಯರ್ ಹೋಗುವಾಗ, ಉಳಿದ ಬ್ಲಾಕ್‌ಗಳು 13.7ಕ್ಕೆ ಇಳಿದರೆ ಬ್ಲಾಕ್ 8 ಮಾತ್ರ 12.3. ನಿಂತಾಗ ಅದು ಬರೀ 0.15 ಕಡಿಮೆ ಇತ್ತು, ಯಾರ ಕಣ್ಣಿಗೂ ಬೀಳದಷ್ಟು. ಅದರ ಹೆಸರಿನಲ್ಲಿ ಕೋಡೂ ಇರಲಿಲ್ಲ.

ಹಂತ 3: ಬಿಚ್ಚುವುದು

ಇಲ್ಲಿ ಆತುರ ಬೇಡವೇ ಬೇಡ. 200 ವೋಲ್ಟ್ ಡಿಸಿ ಹಿಡಿದರೆ ಎರಡನೇ ಅವಕಾಶ ಕೊಡುವುದಿಲ್ಲ.

ಕೀ ತೆಗೆದು ದೂರ ಇಟ್ಟೆ. 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. 1000 ವೋಲ್ಟ್‌ವರೆಗೆ ತಡೆಯುವ ರಬ್ಬರ್ ಗ್ಲೌಸ್, ಹಾಕುವ ಮುಂಚೆ ಬಾಯಿ ಮಡಚಿ ಗಾಳಿ ಹಿಡಿಸಿ ತೂತಿಲ್ಲ ಅಂತ ನೋಡಬೇಕು. ಉಂಗುರ, ವಾಚು, ಕತ್ತಿನ ಸರ ಎಲ್ಲ ಕೆಳಗೆ. ಆಮೇಲೆ ಬ್ಯಾಟರಿಯ ಸಾಲನ್ನು ಕಡಿಯುವ ಕಿತ್ತಳೆ ಬಣ್ಣದ ಸರ್ವೀಸ್ ಪ್ಲಗ್ ಎಳೆದು ಜೇಬಿಗೆ ಹಾಕಿಕೊಂಡೆ. ಜೇಬಿಗೇ, ಬೇರೆಲ್ಲೂ ಅಲ್ಲ. ಬೇರೆ ಯಾರೋ ಬಂದು ಸಹಾಯ ಮಾಡ್ತೀನಿ ಅಂತ ಅದನ್ನು ವಾಪಸ್ ಹಾಕಿಬಿಡಬಾರದು. ಇನ್ವರ್ಟರ್ ಒಳಗಿನ ಕೆಪಾಸಿಟರ್ ಖಾಲಿಯಾಗಲು ಕನಿಷ್ಠ 5 ನಿಮಿಷ ಕಾಯಬೇಕು. ನಾನು 10 ಕಾದೆ, ಮತ್ತೆ ಮೀಟರ್ ಹಿಡಿದು ಸೊನ್ನೆ ಅಂತ ನೋಡಿಯೇ ಕೈ ಹಾಕಿದೆ.

ಒಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಪ್ಲಗ್ ಕಿತ್ತರೆ ಬ್ಯಾಟರಿ ಸಾಯುವುದಿಲ್ಲ. ಸಾಲು ಮಧ್ಯದಲ್ಲಿ ತುಂಡಾಗುತ್ತದೆ, ಅಷ್ಟೇ. ಒಂದೊಂದು ತುಂಡಿನಲ್ಲೂ ಹೊಡೆಯುವಷ್ಟು ವೋಲ್ಟೇಜ್ ಇದ್ದೇ ಇರುತ್ತದೆ. ಬಸ್ ಬಾರ್‌ಗಳನ್ನೆಲ್ಲ (ಮಾಡ್ಯೂಲ್‌ಗಳನ್ನು ಒಂದಕ್ಕೊಂದು ಜೋಡಿಸುವ ಲೋಹದ ಪಟ್ಟಿಗಳು) ತೆಗೆದು, ಮಾಡ್ಯೂಲ್‌ಗಳು ಬಿಡಿಬಿಡಿ ಆಗುವವರೆಗೂ ಗ್ಲೌಸ್ ತೆಗೆಯುವ ಹಾಗಿಲ್ಲ.

ಬ್ಯಾಟರಿ ಭಾರ. ಇಬ್ಬರು ಹಿಡಿದು ಹೊರಗೆ ತಂದು ಮರದ ಮೇಜಿನ ಮೇಲೆ ಇಟ್ಟೆವು. ಕಬ್ಬಿಣದ ಮೇಜಿನ ಮೇಲೆ ಇಡಬೇಡಿ.

ಹಂತ 4: ಹಸಿರು ಮತ್ತು ಬಿಳಿ

ಅಳತೆ ತಂತಿಗಳಿರುವ ಬದಿಯ ಕವರ್ ತೆಗೆದಾಗ ಕಂಡದ್ದು: ಬಸ್ ಬಾರ್‌ಗಳು ಅಲ್ಲಲ್ಲಿ ಕಪ್ಪಾಗಿದ್ದವು, ಬ್ಲಾಕ್ 3 ಮತ್ತು 4ರ ನಡುವಿನದ್ದು ಮಾತ್ರ ಪಾಚಿ ಹಸಿರು. ನಟ್ ಬಿಚ್ಚಿ ತಂತಿಯ ತುದಿಯನ್ನು ಉಗುರಿನಿಂದ ಕೆರೆದರೆ ಹಸಿರು ಪುಡಿ ಉದುರಿತು, ಕೆಳಗೆ ಲೋಹ ಅರ್ಧ ತಿಂದುಹೋಗಿತ್ತು. ಸ್ಕ್ಯಾನರ್‌ನ ಬ್ಲಾಕ್ 3 ಅಂದರೆ ಇದು.

ಹಸಿರು ಅಂದರೆ ತಾಮ್ರ ಕೊಳೆತದ್ದು. ಬಿಳಿ ಪುಡಿ ಕಂಡರೆ ಕತೆ ಬೇರೆ. ಈ ಸೆಲ್‌ಗಳ ಒಳಗಿನ ದ್ರವ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಅದು ಟರ್ಮಿನಲ್ ಬುಡದಿಂದ ಸೋರಿ ಒಣಗಿದರೆ ಬಿಳಿಯಾಗಿ ಕೂರುತ್ತದೆ. ಬುಡದಲ್ಲಿ ಒದ್ದೆ ಇದ್ದರೆ ಆ ಮಾಡ್ಯೂಲನ್ನು ಉಳಿಸಲು ಹೋಗಬೇಡಿ. ಸೋರಿದ ದ್ರವ ಕಬ್ಬಿಣದ ಪೆಟ್ಟಿಗೆಗೆ ತಾಗಿದರೆ ಪಿ0ಎಎ6 ಅನ್ನೋ ಬೇರೆಯೇ ಕೋಡ್ ಬರುತ್ತದೆ, ಹೈ ವೋಲ್ಟೇಜ್ ಬಾಡಿಗೆ ಸೋರುತ್ತಿದೆ ಅಂತ. ನನ್ನಲ್ಲಿ ಬುಡಗಳೆಲ್ಲ ಒಣಗಿಯೇ ಇದ್ದವು.

ಎಲ್ಲ ಬಸ್ ಬಾರ್‌ಗಳನ್ನೂ ವಿನಿಗರ್ ಮತ್ತು ಉಪ್ಪಿನಲ್ಲಿ ನೆನೆಹಾಕಿದೆ. ಹೊಳೆಯತೊಡಗಿದ ಮೇಲೆ ಅಡಿಗೆ ಸೋಡಾ ನೀರಿನಲ್ಲಿ ಅದ್ದಿ, ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿದೆ. ತಿಂದುಹೋದ ತುದಿಯನ್ನು ಕತ್ತರಿಸಿ ಹೊಸ ರಿಂಗ್ ಟರ್ಮಿನಲ್ ಹಾಕಿ ಒತ್ತಿದೆ. ನಟ್‌ಗೆ 8 ಎಂಎಂ ಸಾಕೆಟ್, ಬಿಗಿತ 5.4 ನ್ಯೂಟನ್ ಮೀಟರ್. ಇದು ಬಹಳ ಕಡಿಮೆ ಬಿಗಿತ, ಕೈಯಂದಾಜಿನಲ್ಲಿ ಬಿಗಿದರೆ ಖಂಡಿತ ಜಾಸ್ತಿಯಾಗುತ್ತದೆ. ಬೋಲ್ಟ್ ನಿಂತಿರುವುದು ಪ್ಲಾಸ್ಟಿಕ್‌ನಲ್ಲಿ. ಅದು ತಿರುಗಿತೋ, ಮಾಡ್ಯೂಲ್ ಹೋಯಿತು. ಸಣ್ಣ ಟಾರ್ಕ್ ರೆಂಚ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಇಲ್ಲಿ ಒಂದು ತೀರ್ಮಾನ ತೆಗೆದುಕೊಳ್ಳಬೇಕಿತ್ತು. ಹೇಗೂ ಬಿಚ್ಚಿದೆ, ಬ್ಲಾಕ್ 8 ಕೂಡ ಈಗಲೇ ನೋಡಿಬಿಡೋಣವಾ? ಬೇಡ ಅಂತ ಮತ್ತೆ ಜೋಡಿಸಿ ಓಡಿಸಿದೆ. ಕಾರಣ ಇದೆ. ಕೊಳೆತ ಬಸ್ ಬಾರ್ ಕೂಡ ರೆಸಿಸ್ಟೆನ್ಸೇ. ಬ್ಲಾಕ್ 8 ಕುಸಿಯುತ್ತಿದ್ದದ್ದು ಬಾರ್‌ನಿಂದಲೋ ಸೆಲ್‌ನಿಂದಲೋ ಅನ್ನೋದು ಬಾರ್ ಸ್ವಚ್ಛ ಆದ ಮೇಲೆ ಅಳೆದರೆ ಮಾತ್ರ ಗೊತ್ತಾಗುತ್ತದೆ. ಎರಡು ದೋಷವನ್ನು ಒಟ್ಟಿಗೆ ಸರಿಮಾಡಿದರೆ ಯಾವುದು ಯಾವುದರಿಂದ ಸರಿಹೋಯಿತು ಅಂತ ಹೇಳಲು ಆಗುವುದಿಲ್ಲ.

ಫಲಿತಾಂಶ: ಬ್ಲಾಕ್ 3, 4 ಎರಡೂ 15.7. ಪಿ3013 ಮಾಯ. ಬ್ಲಾಕ್ 8 ಎಳೆತದಲ್ಲಿ 12.3 ಇದ್ದದ್ದು 12.5 ಆಯಿತು. ಅಂದರೆ ಬಾರ್‌ನ ಪಾಲು 0.2 ಮಾತ್ರ. ಉಳಿದದ್ದು ಮಾಡ್ಯೂಲ್ ಒಳಗೇ ಇದೆ.

ಜೋಡಿಸುವಾಗ ಒಂದು ಕಡೆ ಸಿಕ್ಕಿಬಿದ್ದೆ. ಸರ್ವೀಸ್ ಪ್ಲಗ್ ಹಾಕಿದ ಮೇಲೂ ಕಾರು ರೆಡಿ ಆಗಲಿಲ್ಲ, ಪಿ0ಎ0ಡಿ ಕೋಡ್. ಆ ಪ್ಲಗ್‌ಗೆ ಮೂರು ಚಲನೆ ಇದೆ: ಒಳಗೆ ಒತ್ತುವುದು, ಹಿಡಿಯನ್ನು ತಿರುಗಿಸುವುದು, ಕೊನೆಗೆ ಕೆಳಕ್ಕೆ ಜಾರಿಸಿ ಲಾಕ್ ಮಾಡುವುದು. ಮೂರನೆಯದು ಆಗದಿದ್ದರೆ ಇಂಟರ್‌ಲಾಕ್, ಅಂದರೆ ಪ್ಲಗ್ ಸರಿಯಾಗಿ ಕೂತಿದೆ ಅಂತ ಕಾರಿಗೆ ಹೇಳುವ ಸ್ವಿಚ್, ಕೂಡುವುದಿಲ್ಲ. ಕೋಡ್ ನೋಡಿ ಗಾಬರಿಯಾಗುವ ಮುಂಚೆ ಆ ಹಿಡಿಯನ್ನು ಒಮ್ಮೆ ಕೆಳಕ್ಕೆ ಒತ್ತಿ ನೋಡಿ.

ಹಂತ 5: ಬಲ್ಬ್ ಪರೀಕ್ಷೆ

ಮತ್ತೆ ಬಿಚ್ಚಿ, ಈ ಸಲ 28 ಮಾಡ್ಯೂಲ್‌ಗಳಿಗೂ ಮಾರ್ಕರ್‌ನಿಂದ ನಂಬರ್ ಬರೆದೆ. 15 ಮತ್ತು 16 ಸೇರಿದ್ದೇ ಬ್ಲಾಕ್ 8. ಬರೀ ವೋಲ್ಟೇಜ್ ಅಳೆದದ್ದು ಮೊದಲ ಪ್ರಯತ್ನ. ಓಡಿಸಿ ಬಂದ ಕೂಡಲೇ ಬಿಚ್ಚಿದ್ದರಿಂದ ಎಲ್ಲವೂ 7.9ರ ಹತ್ತಿರ, ಎಲ್ಲವೂ ಪಾಸ್. ಆಗಷ್ಟೇ ಚಾರ್ಜ್ ಆದ ಸೆಲ್ ಸ್ವಲ್ಪ ಹೊತ್ತು ತನ್ನ ಯೋಗ್ಯತೆಗಿಂತ ಜಾಸ್ತಿ ವೋಲ್ಟೇಜ್ ತೋರಿಸುತ್ತದೆ. ಆ ಅಂಕಿಗಳನ್ನು ಹೊಡೆದು ಹಾಕಿ, ಒಂದು ರಾತ್ರಿ ಬಿಟ್ಟು ಮತ್ತೆ ಅಳೆದೆ. ಆಗ 16ನೇ ಮಾಡ್ಯೂಲ್ 7.71, ಉಳಿದವು 7.83ರಿಂದ 7.88. ಸಣ್ಣ ವ್ಯತ್ಯಾಸ. ಇದನ್ನೇ ನಂಬಿ ತೀರ್ಪು ಕೊಡುವ ಹಾಗಿಲ್ಲ, ಲೋಡ್ ಹಾಕಲೇಬೇಕು.

ಲೋಡ್‌ಗೆ 55 ವ್ಯಾಟ್‌ನ ಹೆಡ್‌ಲೈಟ್ ಬಲ್ಬ್. ಅದು 12 ವೋಲ್ಟಿನದ್ದು, ಇಲ್ಲಿ ಎಂಟಕ್ಕೂ ಕಡಿಮೆ, ಹಾಗಾಗಿ ಕೆಂಪಗೆ ಉರಿದು ಸುಮಾರು 3.5 ಆಂಪಿಯರ್ ಎಳೆಯುತ್ತದೆ. ಒಂದೊಂದು ಮಾಡ್ಯೂಲ್‌ಗೂ 2 ನಿಮಿಷ. ಒಳ್ಳೆಯವು 7.8ರಿಂದ ಬೇಗ 7.6ಕ್ಕೆ ಬಂದು ಆಮೇಲೆ ನಿಧಾನವಾಗಿ ಒಂದೊಂದೇ ಪಾಯಿಂಟ್ ಇಳಿದು 7.5ರ ಹತ್ತಿರ ನಿಲ್ಲುತ್ತಿದ್ದವು. 15ನೆಯದೂ ಹಾಗೆಯೇ.

16ನೆಯದು ಮೊದಲ ಒಂದು ನಿಮಿಷ ಎಲ್ಲರ ಹಾಗೇ ನಡೆದುಕೊಂಡಿತು. 7.58, 7.55, 7.52. ಇದೂ ಪಾಸ್ ಆಗುತ್ತೇನೋ ಅನ್ನುವಷ್ಟರಲ್ಲಿ 7.4 ಕಂಡಿತು. ಆಮೇಲೆ ಮೀಟರಿನ ಅಂಕಿಗಳು ಓದಲು ಆಗದಷ್ಟು ಬೇಗ ಬದಲಾದವು. 7.1, 6.8, 6.5. ಬಲ್ಬ್ ಕಣ್ಣೆದುರೇ ಮಂಕಾಯಿತು. 6.4ಕ್ಕೆ ಬಂದು ಅಲ್ಲೇ ಗಟ್ಟಿಯಾಗಿ ನಿಂತಿತು. ಬಿದ್ದದ್ದು 1.1 ವೋಲ್ಟ್, ಅಂದರೆ ಹೆಚ್ಚುಕಡಿಮೆ ಒಂದು ಸೆಲ್. ಆರರಲ್ಲಿ ಐದು ಚೆನ್ನಾಗಿವೆ, ಒಂದು ನಿಮಿಷದಲ್ಲಿ ಒಂದು ಖಾಲಿ. ಒಂದು ನಿಮಿಷಕ್ಕೇ ನಿಲ್ಲಿಸಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಹಂತ 6: ಜೀವ ಬರುತ್ತಾ ನೋಡುವುದು

ಹಾಬಿಯವರು ಬಳಸುವ, ನಿಕಲ್ ಮೆಟಲ್ ಹೈಡ್ರೈಡ್‌ಗೆ ಹೊಂದಿಸಬಹುದಾದ ಚಾರ್ಜರ್ ಹಾಕಿ 6 ವೋಲ್ಟ್‌ವರೆಗೆ ಇಳಿಸುವುದು, ಪೂರ್ತಿ ತುಂಬುವುದು, ಮತ್ತೆ ಇಳಿಸುವುದು. ಮಾಡ್ಯೂಲ್‌ಗಳನ್ನು ಎರಡೂ ಕಡೆಯಿಂದ ಹಲಗೆ ಕೊಟ್ಟು ಒತ್ತಿ ಹಿಡಿದಿರಬೇಕು. ಇಲ್ಲದಿದ್ದರೆ ಚಾರ್ಜ್ ಆಗುವಾಗ ಹೊಟ್ಟೆ ಉಬ್ಬುತ್ತದೆ, ಆಮೇಲೆ ಪೆಟ್ಟಿಗೆಯೊಳಗೆ ಕೂರುವುದೇ ಇಲ್ಲ. ಕೈಗೆ ಬಿಸಿ ತಾಗಿದರೆ ಚಾರ್ಜ್ ನಿಲ್ಲಿಸಿ.

ಉಳಿದ ಮಾಡ್ಯೂಲ್‌ಗಳು 4000ದಿಂದ 4800 ಎಂಎಎಚ್ (ಮಿಲಿಆಂಪಿಯರ್-ಅವರ್) ಕೊಟ್ಟವು. ಹೊಸದರ 6500ಕ್ಕೆ ಹೋಲಿಸಿದರೆ ಕಡಿಮೆ, ಈ ವಯಸ್ಸಿಗೆ ಪರವಾಗಿಲ್ಲ. ಮಧ್ಯದಲ್ಲಿ ಕೂರುವವು ಅಂಚಿನವಕ್ಕಿಂತ ಕಡಿಮೆ ಕೊಟ್ಟವು. ಮಧ್ಯದವಕ್ಕೆ ಶಾಖ ಜಾಸ್ತಿ, ಮುಚ್ಚಿಹೋದ ಫ್ಯಾನಿನ ಏಟು ಬಿದ್ದದ್ದು ಅವುಗಳಿಗೇ. 16ನೆಯದು ಮೊದಲ ಸುತ್ತಿನಲ್ಲಿ 900, ಆಮೇಲೆ 1500ಕ್ಕೆ ಏರಿ ಅಲ್ಲೇ ನಿಂತಿತು. ಎಷ್ಟು ಸುತ್ತು ಹಾಕಿದರೂ ಅಷ್ಟೇ. ಅದನ್ನು ಕೈಬಿಟ್ಟೆ.

ಬದಲಿಗೆ ಹೊಚ್ಚ ಹೊಸದು ಬೇಡ. ಹೊಸ ಎತ್ತಿಗೆ ಮುದಿ ಎತ್ತು ಜೋಡಿ ಕಟ್ಟಿದ ಹಾಗಾಗುತ್ತದೆ. ಅದೇ ಮಾದರಿಯ ಹಳೆಯ ಬ್ಯಾಟರಿಯಿಂದ ಬಿಡಿ ಮಾಡ್ಯೂಲ್‌ಗಳನ್ನು ತಂದು, ಅದೇ ಚಾರ್ಜರ್‌ನಲ್ಲಿ ಅಳೆದು, 4400 ಕೊಟ್ಟದ್ದನ್ನು ಆರಿಸಿದೆ. ಮಾರುವವರ "ಟೆಸ್ಟ್ ಆಗಿದೆ" ಅನ್ನೋ ಮಾತು ಹೆಚ್ಚಾಗಿ ಬರೀ ವೋಲ್ಟೇಜ್ ಟೆಸ್ಟ್. ತಂದದ್ದರಲ್ಲಿ ಒಂದು ಮಾಡ್ಯೂಲ್ ಬಲ್ಬ್ ಪರೀಕ್ಷೆಯಲ್ಲೇ ಬಿದ್ದುಹೋಯಿತು.

ಹಂತ 7: ಸಮ ಮಾಡಿ ಜೋಡಿಸುವುದು

ಎಲ್ಲವನ್ನೂ ಚಾರ್ಜ್ ಮಾಡಿ, ವೋಲ್ಟೇಜ್ ಹತ್ತಿರ ಹತ್ತಿರ ಬಂದ ಮೇಲೆ, ಎಲ್ಲ ಪಾಸಿಟಿವ್ ಒಟ್ಟಿಗೆ, ಎಲ್ಲ ನೆಗೆಟಿವ್ ಒಟ್ಟಿಗೆ ಕಟ್ಟಿ ಒಂದು ರಾತ್ರಿ ಬಿಟ್ಟೆ. ವ್ಯತ್ಯಾಸ ಜಾಸ್ತಿ ಇರುವಾಗ ಹೀಗೆ ಕಟ್ಟಿದರೆ ತುಂಬಿದ್ದರಿಂದ ಖಾಲಿಯಾದದ್ದಕ್ಕೆ ಒಮ್ಮೆಲೇ ಕರೆಂಟ್ ನುಗ್ಗುತ್ತದೆ, ಕಿಡಿ ಹಾರುತ್ತದೆ.

ಇಲ್ಲಿಂದ ಮುಂದಿನದ್ದೇ ಅಪಾಯದ ಜಾಗ. ಹೀಗೆ ಕಟ್ಟಲು ಎಲ್ಲ ಮಾಡ್ಯೂಲ್‌ಗಳನ್ನೂ ಒಂದೇ ದಿಕ್ಕಿಗೆ ತಿರುಗಿಸಿ ಇಟ್ಟಿರುತ್ತೇವೆ. ಕಾರಿಗೆ ಹಾಕುವಾಗ ಒಂದು ಬಿಟ್ಟು ಒಂದು ತಿರುಗಬೇಕು. ಒಂದು ತಪ್ಪಿದರೂ ಅದರ ವೋಲ್ಟೇಜ್ ಕೂಡುವ ಬದಲು ಕಳೆಯುತ್ತದೆ. ಅದಕ್ಕೆ ಒಂದು ಬಾರ್ ಹಾಕಿದ ಕೂಡಲೇ ಆ ಎರಡು ಮಾಡ್ಯೂಲ್‌ಗಳ ಹೊರತುದಿಗೆ ಮೀಟರ್ ಇಟ್ಟೆ. 15.8ರ ಹತ್ತಿರ ಬಂದರೆ ಸರಿ, ಸೊನ್ನೆಯ ಹತ್ತಿರ ಬಂದರೆ ಒಂದು ಉಲ್ಟಾ. ಪ್ರತಿ ಬಾರ್‌ಗೂ ಹೀಗೆ. ಬೇಜಾರಿನ ಕೆಲಸ, ಆದರೆ ಬಿಡಬೇಡಿ. ಅಂಚಿನಲ್ಲಿದ್ದ ಗಟ್ಟಿ ಮಾಡ್ಯೂಲ್‌ಗಳನ್ನು ಮಧ್ಯಕ್ಕೆ ತಂದೆ, ಮಧ್ಯದ ಬಡಪಾಯಿಗಳನ್ನು ಅಂಚಿಗೆ ಕಳಿಸಿದೆ. ಮೇಲಿನ ಗಾಳಿ ಕೊಳವೆ, ಕೆಳಗಿನ ಉಷ್ಣತೆ ಸೆನ್ಸರ್‌ಗಳು ವಾಪಸ್ ಕೂತಿವೆಯಾ ನೋಡಿ ಮುಚ್ಚಿದೆ.

ಈಗಿನ ಸ್ಥಿತಿ

ಜೋರಾಗಿ ಎಳೆದಾಗ ಅತಿ ಹೆಚ್ಚು ಮತ್ತು ಅತಿ ಕಡಿಮೆ ಬ್ಲಾಕ್‌ಗಳ ವ್ಯತ್ಯಾಸ 0.4 ವೋಲ್ಟ್. ಇಂಜಿನ್ ನಿಂತಾಗ ಆಫ್ ಆಗುತ್ತದೆ, ಗೀಟುಗಳು ನಿಧಾನವಾಗಿ ಏರಿಳಿಯುತ್ತವೆ, ತ್ರಿಕೋನ ಇಲ್ಲ. ಆದರೂ ಹೊಸ ಬ್ಯಾಟರಿ ಸಿಕ್ಕಿತು ಅಂತ ಹೇಳುವ ಹಾಗಿಲ್ಲ. ಒಂದನ್ನು ಬದಲಿಸಿದರೆ ಅದರ ನಂತರದ ದುರ್ಬಲ ಮಾಡ್ಯೂಲ್ ಸರದಿಗೆ ಬರುತ್ತದೆ. ದಿನಾ ದೂರ ಓಡಾಡುವವರು, ನಡುದಾರಿಯಲ್ಲಿ ನಿಲ್ಲಬಾರದು ಅನ್ನುವವರು ಪೂರ್ತಿ ಹೊಸ ಬ್ಯಾಟರಿ ಹಾಕಿಸುವುದೇ ಮೇಲು. ನನ್ನ ಓಡಾಟ ಹತ್ತಿರದ್ದು, ಹಾಗಾಗಿ ಈ ದಾರಿ.

ನೋಟ್‌ಬುಕ್‌ನಲ್ಲಿ ಬ್ಲಾಕ್ 1ರ ಎದುರು ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೇನೆ. ಮಧ್ಯದಿಂದ ಅಲ್ಲಿಗೆ ಸರಿಸಿದ್ದು ಸರಿಯಾಗಿ 4000 ಕೊಟ್ಟಿದ್ದ ಮಾಡ್ಯೂಲ್, ಎಳೆತದಲ್ಲಿ ಈಗ ಎಲ್ಲಕ್ಕಿಂತ ಕೆಳಗೆ ಇರುವುದೂ ಅದೇ. ಎರಡು ಬಿಡಿ ಮಾಡ್ಯೂಲ್‌ಗಳನ್ನು ಚಾರ್ಜ್ ಮಾಡಿ, ನಂಬರ್ ಬರೆದು, ಹಲಗೆಯ ನಡುವೆ ಬಿಗಿದು ಎತ್ತಿಟ್ಟಿದ್ದೇನೆ.